ಗ್ರಾಮಸಭೆಗೆ ಹೋಗುವ ಮುನ್ನ: ಹಳ್ಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಗ್ರಾಮ ಪಂಚಾಯಿತಿಗಳ ಮತದಾರರು, ಹೊಸದಾಗಿ ಗೆದ್ದ ಸದಸ್ಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಊರಿಗಾಗಿ ಏನಾದರೂ ಮಾಡಬೇಕೆಂದು ಓಡಾಡುವ ಯುವಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಪೂರ್ತಿ ಓದಲು ಪುರುಸೊತ್ತು ಇಲ್ಲದವರು ಬೇಡಿಕೆ ಬರೆಯುವುದು ಮತ್ತು ನಡವಳಿ (ಸಭೆಯ ತೀರ್ಮಾನಗಳ ಬರಹ) ಬರೆಸುವುದು ಎಂಬ ಎರಡು ಭಾಗಗಳನ್ನಾದರೂ ಓದಿಕೊಂಡು ಹೋಗಿ.

ಗ್ರಾಮಸಭೆ ಮತ್ತು ಪಂಚಾಯಿತಿ ಸಭೆ ಎರಡೂ ಒಂದೇ ಅಲ್ಲವೇ?

ಬೇರೆ ಬೇರೆ. ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕೂರುವವರು ಗೆದ್ದ ಸದಸ್ಯರು. ಗ್ರಾಮಸಭೆಯಲ್ಲಿ ಕೂರುವವರು ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ಅಲ್ಲಿ ನೀವು ನೋಡಲು ಬಂದವರಲ್ಲ, ಸಭೆಯ ಸದಸ್ಯರು. 1993ರ ಪಂಚಾಯತ್ ರಾಜ್ ಕಾಯ್ದೆಗೆ 2015ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಅದರ ಹೆಸರೇ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಬದಲಾಯಿತು. ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂಬ ಮೆಟ್ಟಿಲುಗಳು ಅದರಲ್ಲಿವೆ. ಹಟ್ಟಿ, ತಾಂಡಾ, ಕೇರಿಯ ಮಾತು ಜನವಸತಿ ಸಭೆಯಲ್ಲಿ ಶುರುವಾಗಿ, ವಾರ್ಡ್ ಸಭೆಗೆ ಬಂದು, ಕೊನೆಗೆ ಗ್ರಾಮಸಭೆಯ ಪಟ್ಟಿ ಸೇರಬೇಕು.

ಗ್ರಾಮಸಭೆಗೆ ಹೋದರೆ ಸಾಕಲ್ಲ, ವಾರ್ಡ್ ಸಭೆ ಯಾಕೆ?

ಗ್ರಾಮಸಭೆಯಲ್ಲಿ ಹತ್ತಾರು ಊರಿನ ಅಹವಾಲು ಒಂದೇ ದಿನ ಬಂದು ಬೀಳುತ್ತದೆ. ಮೈಕ್ ಒಂದೇ, ಮಾತಾಡುವವರು ನೂರು. ನಿಮ್ಮ ಬೀದಿಯ ಚರಂಡಿ ಅಲ್ಲಿ ಕೇಳಿಸುವುದಿಲ್ಲ. ವಾರ್ಡ್ ಸಭೆಯಲ್ಲಿ ಕೂರುವವರೆಲ್ಲ ಅಕ್ಕಪಕ್ಕದವರು, ಆ ಚರಂಡಿಯ ನಾತ ಕುಡಿದವರು. ವಾರ್ಡ್ ಸಭೆಯ ನಡವಳಿಯಲ್ಲಿ ಸೇರಿದ ಬೇಡಿಕೆ ಗ್ರಾಮಸಭೆಗೆ ಕಾಗದದ ಮೇಲೆಯೇ ಬರುತ್ತದೆ, ಮೈಕ್ ಸಿಗದಿದ್ದರೂ ಉಳಿಯುತ್ತದೆ. ವಾರ್ಡ್ ಸಭೆ ಆಗಿಲ್ಲ ಎಂದು ಗೊತ್ತಾದರೆ ಗ್ರಾಮಸಭೆಯ ಮೊದಲ ಹತ್ತು ನಿಮಿಷದಲ್ಲೇ ಅದನ್ನು ಎತ್ತಿ.

ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಜನ, ಎಷ್ಟು?

ವಾರ್ಡ್ ಸಭೆಗೆ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಇಲ್ಲೂ ಕಡಿಮೆ ಇರುವುದೇ ಲೆಕ್ಕ. ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ, ಪಂಗಡದವರು ಜನಸಂಖ್ಯೆಗೆ ತಕ್ಕಂತೆ ಇರಬೇಕು.

ಎಡವಟ್ಟಾಗುವುದು ಸಹಿ ಪುಸ್ತಕದಲ್ಲಿ. ಬೆಳಿಗ್ಗೆ 40 ಜನ ಬಂದು, ಸಂಜೆ ಮನೆಮನೆಗೆ ಪುಸ್ತಕ ಹೋಗಿ 100 ಸಹಿ ಆಗುವುದುಂಟು. ಅಂಥ ಸಭೆಯಲ್ಲಿ ಆಯ್ಕೆಯಾದ ಫಲಾನುಭವಿಗಳ ಪಟ್ಟಿಯನ್ನು ಯಾರಾದರೂ ಪ್ರಶ್ನಿಸಿದರೆ ಕಷ್ಟಕ್ಕೆ ಸಿಗುವವರು ಪಟ್ಟಿಯಲ್ಲಿರುವ ಬಡವರೇ. ಮಾತು ಶುರುವಾಗುವ ಮೊದಲೇ ತಲೆ ಎಣಿಸಿ, ಹಾಜರಾತಿ ಸಂಖ್ಯೆಯನ್ನು ಗಟ್ಟಿಯಾಗಿ ಓದಿಸಿ.

ಸಭೆಯನ್ನೇ ಕರೆಯದಿದ್ದರೆ?

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ, ವಾರ್ಡ್ ಸಭೆ ನಡೆಯಬೇಕು. ಗ್ರಾಮಸಭೆಯ ಸದಸ್ಯರಲ್ಲಿ ಶೇ 10ರಷ್ಟು ಜನ ಯಾವ ವಿಷಯಕ್ಕೆಂದು ಬರೆದು ಸಹಿ ಹಾಕಿ ಕೊಟ್ಟರೆ ವಿಶೇಷ ಗ್ರಾಮಸಭೆ ಕರೆಯಬೇಕಾಗುತ್ತದೆ. ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರ ಇರಬೇಕು. ಅರ್ಜಿಯಲ್ಲಿ ಹೆಸರಿನ ಎದುರು ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆಯಿರಿ. ಬರೀ ಸಹಿ ಇದ್ದರೆ ‘ಇವರು ಯಾರು’ ಎಂಬ ಒಂದೇ ಪ್ರಶ್ನೆಯಲ್ಲಿ ಅರ್ಜಿ ಮೂಲೆ ಸೇರುತ್ತದೆ. ಒಂದು ಪ್ರತಿಯ ಮೇಲೆ ಪಂಚಾಯಿತಿಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಪಂಚಾಯಿತಿ ಜಗ್ಗದಿದ್ದರೆ ಅದರ ನಕಲನ್ನು ಲಗತ್ತಿಸಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಡಿ.

ಬೇಡಿಕೆ ಎಷ್ಟು ಸಲ ಕೊಟ್ಟರೂ ಆಗುವುದಿಲ್ಲ. ಹೇಗೆ ಬರೆಯಬೇಕು?

‘ನಮ್ಮ ಬೀದಿಗೆ ಚರಂಡಿ ಮಾಡಿಸಿ’ ಎಂದು ಬರೆದರೆ ಎಂಜಿನಿಯರ್‌ಗೆ ಅದರಿಂದ ಅಂದಾಜು ಪಟ್ಟಿ (ಕೆಲಸಕ್ಕೆ ತಗಲುವ ಖರ್ಚಿನ ಲೆಕ್ಕ) ಮಾಡಲು ಬರುವುದಿಲ್ಲ. ಕ್ರಿಯಾ ಯೋಜನೆಗೆ ಸೇರಬೇಕಾದರೆ ಕಾಮಗಾರಿಗೆ ಒಂದು ತುದಿ, ಇನ್ನೊಂದು ತುದಿ, ಅಳತೆ ಇರಬೇಕು. ಹೀಗೆ ಬರೆಯಿರಿ: ‘ಮಾರಮ್ಮನ ಗುಡಿ ಮೂಲೆಯಿಂದ ಹಳೇ ಸೇದುವ ಬಾವಿಯವರೆಗೆ 120 ಮೀಟರ್ ಚರಂಡಿ. 18 ಮನೆಗಳ ಬಚ್ಚಲು ನೀರು ಬೀದಿಗೆ ಬರುತ್ತಿದೆ. ನೀರು ಕೊನೆಗೆ ಹೊರ ಹಳ್ಳಕ್ಕೆ ಸೇರಬೇಕು. ಜಾಗ ಗ್ರಾಮಠಾಣಾದ್ದು, ಯಾರ ತಕರಾರೂ ಇಲ್ಲ.’

ಈ ನಾಲ್ಕು ವಾಕ್ಯದಲ್ಲಿ ಜನ ಮರೆಯುವುದು ಮೂರನೆಯದನ್ನು. ನೀರು ಕೊನೆಗೆ ಎಲ್ಲಿಗೆ ಹೋಗಬೇಕು? ಹಳ್ಳಿಗಳಲ್ಲಿ ಕಾಂಕ್ರೀಟ್ ಚರಂಡಿ ಕಟ್ಟಿ, ಅದರ ಬಾಯಿ ಯಾರದೋ ಹಿತ್ತಲ ಮುಂದೆ ನಿಂತು, ಸೊಳ್ಳೆ ಸಾಕುವ ತೊಟ್ಟಿಯಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಹಣ ಖರ್ಚಾಗಿದೆ, ಲೆಕ್ಕವೂ ಸರಿ ಇದೆ, ನೀರು ಮಾತ್ರ ಹೋಗುತ್ತಿಲ್ಲ. ಇದಕ್ಕೆ ಮುಖ್ಯ ಕಾರಣ ಇಳಿಜಾರು.

ಇಳಿಜಾರನ್ನು ನೀವೇ ನೋಡಬಹುದು. ಗಾರೆ ಮೇಸ್ತ್ರಿಗಳ ಹತ್ತಿರ ಪಾರದರ್ಶಕ ಲೆವೆಲ್ ಪೈಪ್ ಇರುತ್ತದೆ. ಅದಕ್ಕೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಬ್ಬರು ಮೇಲಿನ ತುದಿಯಲ್ಲಿ ಕೋಲಿಗೆ ಕಟ್ಟಿ ಹಿಡಿಯಬೇಕು, ಇನ್ನೊಬ್ಬರು ಪೈಪ್ ಎಟುಕುವಷ್ಟು ದೂರ ಕೆಳಗೆ ಹೋಗಿ ನಿಲ್ಲಬೇಕು. ಎರಡೂ ಕಡೆ ನೀರು ಅಲುಗಾಡದೆ ನಿಂತ ಮೇಲೆ, ನೆಲದಿಂದ ನೀರಿನ ಮಟ್ಟದವರೆಗೆ ಟೇಪ್ ಹಿಡಿಯಿರಿ. ಕೆಳತುದಿಯ ಅಳತೆಯಲ್ಲಿ ಮೇಲುತುದಿಯದನ್ನು ಕಳೆದರೆ ಸಿಗುವುದೇ ಇಳಿತ. ಹೀಗೆ ತುಂಡು ತುಂಡಾಗಿ ಅಳೆದು ಕೂಡಿಸಿ. 200 ಮೀಟರಿಗೆ ಒಂದು ಮೀಟರ್ ಇಳಿತ ಎಂದಿಟ್ಟುಕೊಂಡರೆ 120 ಮೀಟರಿಗೆ 60 ಸೆಂಟಿಮೀಟರ್ ಬೇಕು. ಅಷ್ಟು ಇಲ್ಲವೆಂದಾದರೆ ಕೊನೆಯ ತುದಿಯನ್ನು ಆಳ ಮಾಡಬೇಕು, ಇಲ್ಲವೇ ದಿಕ್ಕು ಬದಲಿಸಬೇಕು. ಇದು ಕಾಂಕ್ರೀಟ್ ಬೀಳುವ ಮೊದಲು ಆಗುವ ಮಾತು. ಬಿದ್ದ ಮೇಲೆ ಯಾರ ಕೈಯಲ್ಲೂ ಇಲ್ಲ.

ಬೇಡಿಕೆಗಳು ಹಲವಿದ್ದರೆ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ವಾರ್ಡ್‌ನವರೇ ಜಗಳವಾಡಿಯಾದರೂ ಗೊತ್ತು ಮಾಡಿ. ನೀವು ಆದ್ಯತೆ ಹೇಳದಿದ್ದರೆ ಇನ್ಯಾರೋ ಹೇಳುತ್ತಾರೆ.

ಯಾವ ತಿಂಗಳಲ್ಲಿ ಕೊಟ್ಟರೆ ಒಳ್ಳೆಯದು?

ಮುಂದಿನ ಏಪ್ರಿಲ್‌ನಿಂದ ಶುರುವಾಗುವ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಅಕ್ಟೋಬರ್ 2ರಿಂದ ಚುರುಕಾಗುತ್ತದೆ. ಆ ಹೊತ್ತಿನ ಸಭೆಗಳಲ್ಲಿ ಬೇಡಿಕೆ ಇರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕೊಟ್ಟದ್ದು ಸಾಮಾನ್ಯವಾಗಿ ಒಂದು ವರ್ಷ ಕಾಯುತ್ತದೆ. ಒಪ್ಪಿಗೆಯಾದ ಯೋಜನೆ ಇ-ಗ್ರಾಮ್ ಸ್ವರಾಜ್ ಪೋರ್ಟಲ್‌ಗೆ ಏರುತ್ತದೆ. ಲಾಗಿನ್ ಇಲ್ಲದೆಯೇ ನಿಮ್ಮ ಪಂಚಾಯಿತಿಯ ಹೆಸರು ಆಯ್ದುಕೊಂಡು ನೋಡಬಹುದು.

ಪಂಚಾಯಿತಿಗೆ ದುಡ್ಡು ಎಲ್ಲಿಂದ ಬರುತ್ತದೆ? ‘ಫಂಡ್ ಇಲ್ಲ’ ಎನ್ನುವುದು ನಿಜವೇ?

ಕೆಲವು ಸಲ ನಿಜ. ಕೆಲವು ಸಲ ಹಣ ಇರುತ್ತದೆ, ಆದರೆ ನೀವು ಕೇಳಿದ ಕೆಲಸಕ್ಕೆ ಬಳಸಲು ಬರುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. 2021-22ರಿಂದ 2025-26ರವರೆಗೆ ಅದರಲ್ಲಿ ಶೇ 60 ನಿರ್ಬಂಧಿತ: ಶೇ 30 ಕುಡಿಯುವ ನೀರು, ಮಳೆನೀರು ಸಂಗ್ರಹದಂಥವಕ್ಕೆ, ಶೇ 30 ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಇತರ ಅಗತ್ಯಗಳಿಗೆ, ಅದರಲ್ಲೂ ಸಂಬಳಕ್ಕೆ ಕೊಡುವಂತಿಲ್ಲ. ಆದ್ದರಿಂದ ಬೇಡಿಕೆ ಎತ್ತುವಾಗ ‘ಇದು ಯಾವ ಅನುದಾನದಲ್ಲಿ ಆಗುತ್ತದೆ’ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಕೇಳಿ. ಉತ್ತರವನ್ನು ನಡವಳಿಗೆ ಸೇರಿಸಿ.

ಸ್ವಂತ ಆದಾಯ ಎಂದರೆ ಮನೆ ಕಂದಾಯ, ನೀರಿನ ಕರ, ಪರವಾನಗಿ ಶುಲ್ಕ, ಅಂಗಡಿ ಮಳಿಗೆ ಬಾಡಿಗೆ. ಇದರಲ್ಲಿ ಶೇ 25 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಈ ಎರಡು ಬಾಬ್ತಿನಲ್ಲಿ ಕಳೆದ ವರ್ಷ ಎಷ್ಟು ಕೂಡಿತು, ಎಷ್ಟು ಖರ್ಚಾಯಿತು ಎಂದು ಕೇಳುವವರು ತೀರಾ ಕಡಿಮೆ. ಕೇಳಬೇಕು. ಗಾಲಿ ಕುರ್ಚಿಗಾಗಿ ಕಾಯುತ್ತಿರುವ ಒಬ್ಬರು ಊರಲ್ಲಿದ್ದು, ಆ ಶೇ 5 ಖಾತೆಯಲ್ಲೇ ಉಳಿದಿರುವುದು ಸರಿಯಲ್ಲ.

ಕಂದಾಯ ರಸೀದಿಯಲ್ಲಿ ತೆರಿಗೆಗಿಂತ ಹೆಚ್ಚು ಮೊತ್ತ ಯಾಕಿದೆ?

ತೆರಿಗೆಯ ಮೇಲೆ ಉಪಕರಗಳಿವೆ: ಆರೋಗ್ಯ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಕರ ಶೇ 3. ತೆರಿಗೆ 1000 ರೂಪಾಯಿ ಆದರೆ ಉಪಕರ 340 ರೂಪಾಯಿ. ಆ 340 ರಸ್ತೆ, ಚರಂಡಿಗೆ ಸಿಗುವ ಹಣವಲ್ಲ. ಕರ ವಸೂಲಿಗಾರರಿಗೆ ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ನಡವಳಿ ಎಂದರೇನು? ಅದಕ್ಕೆ ಅಷ್ಟೊಂದು ಮಹತ್ವ ಯಾಕೆ?

ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದರ ಬರಹ ನಡವಳಿ, ಒಂದೊಂದು ತೀರ್ಮಾನವೂ ಠರಾವು. ನೀವು ಮೂರು ಗಂಟೆ ಮಾತಾಡಿದ್ದು, ಅಧ್ಯಕ್ಷರು ತಲೆಯಾಡಿಸಿದ್ದು, ಎಲ್ಲರೂ ಚಪ್ಪಾಳೆ ತಟ್ಟಿದ್ದು ಮರುದಿನಕ್ಕೆ ಉಳಿಯುವುದಿಲ್ಲ. ಪುಸ್ತಕದಲ್ಲಿದ್ದದ್ದು ಉಳಿಯುತ್ತದೆ. ಎಂಜಿನಿಯರ್, ಲೆಕ್ಕ ಪರಿಶೋಧಕರು, ತಾಲ್ಲೂಕು ಪಂಚಾಯಿತಿ, ನಾಳೆ ವಿಷಯ ಕೋರ್ಟಿಗೆ ಹೋದರೆ ಕೋರ್ಟು ಕೂಡ ನೋಡುವುದು ಅದನ್ನೇ.

ಜಾಗ ಬಿಟ್ಟು ಬರೆಯುವುದು ಸಾಮಾನ್ಯ ಕೆಡುಕು. ‘ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಸಾಲು ಬರೆದು, ಏನು ತೀರ್ಮಾನಿಸಿದ್ದು ಎಂಬುದಕ್ಕೆ ಅರ್ಧ ಪುಟ ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಖಾಲಿ ಜಾಗದ ಕೆಳಗೆ ಸಹಿ ಹಾಕಬೇಡಿ. ಯಾರು ಹೇಳಿದರೂ ಬೇಡ. ಸಹಿ ಆಗಲೇ ಆಗಿದ್ದರೆ ಖಾಲಿ ಜಾಗಕ್ಕೆ ಅಡ್ಡಗೀಟು ಎಳೆಸಿ, ಗೀಟಿನ ಪಕ್ಕ ಅಧ್ಯಕ್ಷರ ಚಿಕ್ಕ ಸಹಿ ಹಾಕಿಸಿ.

ಒಂದು ಠರಾವು ನಿಲ್ಲಬೇಕಾದರೆ ಅದರಲ್ಲಿ ವಿಷಯ, ಜಾಗ, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ಯಾವ ದಿನಾಂಕದೊಳಗೆ ಏನು ಮಾಡಬೇಕು ಎಂಬುದಿರಬೇಕು. ‘ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದರೆ ಯಾರ ಹೆಗಲಿಗೂ ಬೀಳುವುದಿಲ್ಲ. ‘ಪಿಡಿಒ ಅವರು ಜೂನ್ 30ರೊಳಗೆ ಅಂದಾಜು ಪಟ್ಟಿ ಮಾಡಿಸಿ ಮುಂದಿನ ಸಾಮಾನ್ಯ ಸಭೆಗೆ ಮಂಡಿಸುವುದು’ ಎಂದು ಬರೆಸಿದರೆ ಬೀಳುತ್ತದೆ. ಸಭೆ ಮುಗಿಯುವ ಮುನ್ನ, ಶಾಮಿಯಾನ ಬಿಚ್ಚುವ ಮುನ್ನ, ಬರೆದದ್ದನ್ನು ಮೈಕ್‌ನಲ್ಲಿ ಓದಿಸಿ. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ನಡವಳಿಯ ಅನುಪಾಲನಾ ವರದಿ, ಅಂದರೆ ಆ ತೀರ್ಮಾನಗಳಲ್ಲಿ ಎಷ್ಟು ಜಾರಿಯಾಯಿತು ಎಂಬ ವರದಿ, ಆಗಿರಲಿ.

ಮನೆ ಮಂಜೂರಾತಿ ಪಟ್ಟಿಯಲ್ಲಿ ಅನುಕೂಲಸ್ಥರ ಹೆಸರಿದ್ದರೆ?

ಗ್ರಾಮಸಭೆಯಲ್ಲೇ, ಹೆಸರು ಓದುವಾಗಲೇ ಆಕ್ಷೇಪ ಎತ್ತಬೇಕು. ‘ಇವರಿಗೆ ಆರ್‌ಸಿಸಿ ಮನೆ ಇದೆ, ಆಸ್ತಿ ಸಂಖ್ಯೆ ಇಂಥದ್ದು’ ಎಂಬಂತೆ ನೋಡಿ ಪರಿಶೀಲಿಸಬಹುದಾದ ಮಾತಾಡಿ, ಅದು ನಡವಳಿಯಲ್ಲಿ ದಾಖಲಾಗಲಿ. ಆಯ್ಕೆಯಾದವರಿಗೂ ಒಂದು ಮಾತು: ಹಣ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ ಬರುತ್ತದೆ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಬೇಕು. ಫೋಟೊ ತೆಗೆಸದೆ ಮುಂದಿನ ಹಂತ ಕಟ್ಟಿಬಿಟ್ಟು ಕಂತು ಸಿಕ್ಕಿಹಾಕಿಕೊಂಡವರು ಬೇಕಾದಷ್ಟು ಜನ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರಿನ ಒಂದಕ್ಷರ ಬೇರೆಯಿದ್ದರೂ ಮೊದಲೇ ಸರಿಪಡಿಸಿಕೊಳ್ಳಿ.

ನಲ್ಲಿ ನೀರಿನ ಬಗ್ಗೆ ಏನು ಕೇಳಬೇಕು?

‘ನೀರು ಸರಿಯಾಗಿ ಬರುತ್ತಿಲ್ಲ’ ಎಂಬಲ್ಲಿಗೆ ನಿಲ್ಲಬೇಡಿ. ಜಲ ಜೀವನ್ ಮಿಷನ್ನಿನ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ನಿಮ್ಮ ಮನೆಯ ನಲ್ಲಿಗೆ 20 ಲೀಟರಿನ ಕೊಡ ಹಿಡಿದು ಎಷ್ಟು ನಿಮಿಷಕ್ಕೆ ತುಂಬುತ್ತದೆ ನೋಡಿ, ನೀರು ಬಿಡುವ ಒಟ್ಟು ಹೊತ್ತಿಗೆ ಲೆಕ್ಕ ಹಾಕಿ. ಬೀದಿಯ ಮೊದಲ ಮನೆಯಲ್ಲೂ ಕೊನೆಯ ಮನೆಯಲ್ಲೂ ಇದನ್ನು ಮಾಡಿ. ಎರಡು ಅಂಕಿಗಳ ವ್ಯತ್ಯಾಸ ನೋಡಿದರೆ ದೋಷ ಬೋರ್‌ವೆಲ್‌ನದೋ, ವಾಲ್ವ್‌ನದೋ, ನಡುವೆ ಯಾರೋ ಪೈಪಿಗೆ ಹಚ್ಚಿರುವ ಮೋಟರಿನದೋ ಎಂಬುದರ ಸುಳಿವು ಸಿಗುತ್ತದೆ.

ಎರಡನೆಯದು ಕ್ಲೋರಿನ್. ಮಳೆಗಾಲದಲ್ಲಿ ವಾಂತಿಭೇದಿ ಕಾಣಿಸಿದ ಮೇಲೆ ಬ್ಲೀಚಿಂಗ್ ಪೌಡರ್ ಹುಡುಕುವುದಕ್ಕಿಂತ ಈ ಲೆಕ್ಕ ನೀರುಗಂಟಿಗೂ ಊರಿನ ನಾಲ್ಕು ಜನರಿಗೂ ಗೊತ್ತಿರುವುದು ಒಳ್ಳೆಯದು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕುವುದಾದರೆ 50,000 ಲೀಟರಿನ ಮೇಲ್ತೊಟ್ಟಿಗೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರ್‌ನಲ್ಲಿ ಶೇ 25 ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರ್, ಹೊಸ ಮಾಲಿನಲ್ಲಿ ಶೇ 33 ಇದ್ದರೆ 300 ಗ್ರಾಂ ಸಾಕು. ಬಾಯಿ ಬಿಚ್ಚಿದ ಚೀಲದಲ್ಲಿ ತೇವ, ಬಿಸಿಲು ತಾಗುತ್ತ ತಿಂಗಳುಗಟ್ಟಲೆ ಬಿದ್ದ ಪೌಡರ್‌ನಲ್ಲಿ ಸುಣ್ಣವಷ್ಟೇ ಉಳಿದಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಅದನ್ನು ನಂಬಬೇಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆರಳಲ್ಲಿ ಇಡಿ.

ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಹಾಕಿ, ಗಸಿ ಚೆಲ್ಲಿ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆರೆಯಿರಿ. ಪರೀಕ್ಷೆಯನ್ನು ತೊಟ್ಟಿಯ ಬುಡದಲ್ಲಿ ಮಾಡಿದರೆ ಸಾಲದು, ಬೀದಿಯ ಕೊನೆಯ ನಲ್ಲಿಯಲ್ಲಿ ಮಾಡಬೇಕು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದ ಕ್ಲೋರಿನ್ ಕಾಣಬೇಕು. ಮೇಲೆ ಸರಿಯಿದ್ದು ಕೆಳಗೆ ಸೊನ್ನೆ ಬಂದರೆ ನಡುವೆ ಪೈಪ್ ಒಡೆದು ಚರಂಡಿ ನೀರು ಸೇರುತ್ತಿರಬಹುದು.

ಫ್ಲೋರೈಡ್ ಬೇರೆ ಕಥೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಲು ಬಳಸಬಾರದು, ಕ್ಲೋರಿನ್ ಹಾಕಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆರಿ ಅದರ ಪ್ರಮಾಣ ಏರುತ್ತದೆ. ಪಾವಗಡ, ಕೋಲಾರದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಹೊಸ ಬೋರ್‌ವೆಲ್ ಕೊರೆದರೆ ಪ್ರಯೋಗಾಲಯದ ವರದಿ ಬಾರದೆ ನಲ್ಲಿಗೆ ಜೋಡಿಸಬೇಡಿ ಎಂದು ಠರಾವು ಮಾಡಿಸಿ.

ಇಲಾಖೆಗಳ ಅಧಿಕಾರಿಗಳು ಗ್ರಾಮಸಭೆಗೆ ಬರುವುದೇ ಇಲ್ಲ. ಏನು ಮಾಡುವುದು?

ಸಭೆ ರದ್ದು ಮಾಡಿ ಎಂದು ಕೂಗುವುದರಿಂದ ನಷ್ಟ ನಿಮಗೇ, ಯಾಕೆಂದರೆ ಕೂಲಿ ಬಿಟ್ಟು ಬಂದವರು ನೀವು. ಯಾವ ಇಲಾಖೆಯವರು ಬಂದಿದ್ದಾರೆ, ಯಾರು ಗೈರು ಎಂಬುದನ್ನು ನಡವಳಿಯಲ್ಲಿ ಬರೆಸಿ. ಗೈರಾದ ಇಲಾಖೆಯ ಮೇಲಧಿಕಾರಿಗೆ ನೋಟಿಸ್ ಕಳುಹಿಸಲು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯನ್ನು ಕೋರುವ ಠರಾವು ಮಾಡಿ, ಉಳಿದ ವಿಷಯ ಮುಂದುವರಿಸಿ.

ಪಹಣಿ, ಪಿಂಚಣಿ, ಪಡಿತರ ಚೀಟಿ?

ಪಹಣಿ, ಸರ್ವೆ, ಪೋಡಿ (ಜಮೀನಿನ ಹಿಸ್ಸೆ ಬೇರ್ಪಡಿಸುವುದು) ಕಂದಾಯ ಇಲಾಖೆಯದು. ವೃದ್ಧಾಪ್ಯ, ವಿಧವಾ ವೇತನಕ್ಕೆ ನಾಡಕಚೇರಿ. ಪಡಿತರ ಚೀಟಿ ಆಹಾರ ಇಲಾಖೆಯದು. ಗ್ರಾಮಸಭೆಯಲ್ಲಿ ಹೇಳಿಕೊಳ್ಳಬಹುದು, ಮಂಜೂರು ಮಾಡುವ ಅಧಿಕಾರ ಪಂಚಾಯಿತಿಗಿಲ್ಲ.

ಅರ್ಜಿ ಕೊಟ್ಟರೆ ‘ನಾಳೆ ಬನ್ನಿ’ ಎನ್ನುತ್ತಾರೆ.

ಸಕಾಲ (ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕೆಂಬ ಕಾಯ್ದೆ) ವ್ಯಾಪ್ತಿಯ ಸೇವೆಯಾದರೆ ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ದಿನಗಳ ಎಣಿಕೆ ಶುರುವಾಗುವುದೇ ಆ ಸಂಖ್ಯೆಯಿಂದ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಸ್ವೀಕೃತಿ ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಕಾಮಗಾರಿಯ ಲೆಕ್ಕ ತಿಳಿಯುವುದು ಹೇಗೆ?

ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, 30 ದಿನ ಗಡುವು. ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಪಿಡಿಒ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹತ್ತು ವಿಷಯ ತುರುಕಿದ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬರುತ್ತದೆ. ‘ಯಾಕೆ ಕಳಪೆ ಮಾಡಿದಿರಿ’ ಎಂದು ಕೇಳಿದರೆ ಅದು ಮಾಹಿತಿಯೇ ಅಲ್ಲ ಎನ್ನುತ್ತಾರೆ. ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಪಾವತಿ ವೋಚರ್‌ಗಳ ದೃಢೀಕೃತ ನಕಲು ಕೊಡಿ’ ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಗಡುವು ಮುಗಿದ 30 ದಿನದೊಳಗೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ.

ಜಮಾಬಂದಿಯಲ್ಲಿ ನಮ್ಮ ಪಾತ್ರವೇನು?

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಹಿಂದಿನ ವರ್ಷದ ಲೆಕ್ಕವನ್ನೂ ಕಾಮಗಾರಿಯನ್ನೂ ಜನರ ಮುಂದೆ ಪರಿಶೀಲಿಸುವ ದಿನವದು. ಟೇಪ್ ಹಿಡಿದು ಹೋಗಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್. ಅಂಚಿನ ಮಣ್ಣು ಕೆರೆದು ನೋಡಿದಾಗ ದಪ್ಪ 10 ಸೆಂಟಿಮೀಟರ್ ಇದ್ದರೆ ಬಿದ್ದಿರುವುದು 30 ಘನ ಮೀಟರ್, ಮೂರರಲ್ಲೊಂದು ಪಾಲು ಕಾಣೆ. ಒಂದೇ ಕಡೆ ಅಳೆದು ತೀರ್ಪು ಕೊಡಬೇಡಿ, ನಾಲ್ಕೈದು ಕಡೆ ಅಳೆದು ಅಂಕಿ ಬರೆದುಕೊಳ್ಳಿ. ಜೋರು ದನಿಗಿಂತ ಆ ಅಂಕಿಗಳು ಹೆಚ್ಚು ಕೆಲಸ ಮಾಡುತ್ತವೆ.

ಹೆಂಗಸರು ಬಂದರೂ ಹಿಂದೆ ಕೂರುತ್ತಾರೆ, ಮಾತಾಡುವುದಿಲ್ಲ.

ಹೊತ್ತು ಮೊದಲು ನೋಡಿ. ಬೆಳಿಗ್ಗೆ 10 ಗಂಟೆಗೆ ಇಟ್ಟರೆ ಕೂಲಿಗೆ ಹೋದವರು ಬರುವುದಿಲ್ಲ, ಸಂಜೆ ಹಾಲು ಕರೆಯುವ ಹೊತ್ತಿಗೂ ಆಗದು. ಸಂಘದ ವಾರದ ಸಭೆಯಲ್ಲೇ ವಿಷಯ ಗೊತ್ತು ಮಾಡಿಕೊಂಡು, ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಂಡು ಬಂದರೆ ಮಾತು ತಾನಾಗಿ ಬರುತ್ತದೆ. ಕುರ್ಚಿಗಳನ್ನು ಗಂಡಸರಿಗೆ ಕೊಟ್ಟು ಚಾಪೆಯನ್ನು ಹೆಂಗಸರಿಗೆ ಹಾಸುವ ಪದ್ಧತಿ ಬಿಡಬೇಕು. ಎಲ್ಲರಿಗೂ ಚಾಪೆ, ಇಲ್ಲವೇ ಎಲ್ಲರಿಗೂ ಕುರ್ಚಿ.

ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದಾರೆ. ಗ್ರಾಮಸಭೆ ಇದೆಯೇ?

ಇದೆ. ಐದು ವರ್ಷದ ಅವಧಿ ಇರುವುದು ಗೆದ್ದವರಿಗೆ. ಸಂವಿಧಾನದ 243ನೇ ವಿಧಿಯ ಪ್ರಕಾರ ಗ್ರಾಮಸಭೆ ಎಂದರೆ ಮತದಾರರ ಪಟ್ಟಿಯಲ್ಲಿರುವವರ ಸಭೆ, ಅದು ವಿಸರ್ಜನೆಯಾಗುವುದಿಲ್ಲ. ಸದಸ್ಯರಿಲ್ಲದ ತಿಂಗಳುಗಳಲ್ಲಿ ಕೇಳುವವರು ಕಡಿಮೆಯಾಗುತ್ತಾರೆ, ಹಾಗಾಗಿ ಆಗ ಸಭೆ ಇನ್ನೂ ಮುಖ್ಯ.

ಮಕ್ಕಳ ಗ್ರಾಮಸಭೆಯಿಂದ ಏನಾದರೂ ಆಗುತ್ತದೆಯೇ?

ನವೆಂಬರ್ ಆಸುಪಾಸಿನಲ್ಲಿ ನಡೆಯುವ ಈ ಸಭೆಯನ್ನು ಭಾಷಣ, ಹಾಡಿನಲ್ಲಿ ಮುಗಿಸಿದರೆ ಏನೂ ಆಗುವುದಿಲ್ಲ. ಹದಿನೈದು ದಿನ ಮೊದಲೇ ಶಾಲೆಯಲ್ಲಿ ಪೆಟ್ಟಿಗೆ ಇಟ್ಟು, ಹೆಸರು ಬರೆಯದೆ ಚೀಟಿ ಹಾಕಲು ಬಿಡಿ. ದೊಡ್ಡವರ ಸಭೆಯಲ್ಲಿ ಎಂದೂ ಬಾರದ ಮಾತು ಆ ಚೀಟಿಗಳಲ್ಲಿ ಬರುತ್ತದೆ: ಶೌಚಾಲಯದ ಬಾಗಿಲಿಗೆ ಒಳಗಿನ ಚಿಲಕವಿಲ್ಲ, ಶಾಲೆ ದಾರಿಯ ಮದ್ಯದ ಅಂಗಡಿ ಹತ್ತಿರ ಹೆಣ್ಣುಮಕ್ಕಳಿಗೆ ಭಯ, ಬಸ್ ಮೂರೂವರೆಗೇ ಹೋಗಿಬಿಡುತ್ತದೆ. ಇವನ್ನೂ ಠರಾವಿನ ರೂಪದಲ್ಲೇ ಬರೆಯಬೇಕು, ಗಡುವಿನ ಜೊತೆ. ಚಿಲಕ ಒಂದು ವಾರದೊಳಗೆ ಹಾಕಿಸಬಹುದಾದ್ದು. ಹಾಕಿಸಿ, ಮುಂದಿನ ವರ್ಷದ ಸಭೆಯ ಮೊದಲಲ್ಲಿ ಅದೇ ಮಕ್ಕಳ ಮುಂದೆ ಅನುಪಾಲನಾ ವರದಿ ಓದಿ.